ಅರಗಿನಿಂದ ಗಾಜಿನವರೆಗೆ

ಕಳೆದ ದಸರೆಯ ರಜೆಗೆ ಶಿವಮೊಗ್ಗಕ್ಕೆ ಹೊರಟಾಗ ನನ್ನ ಚೀಲದಲ್ಲಿ 30 ಎಂ.ಎಲ್.ನ ಒಂದು ಗಾಜಿನ ಬಾಟಲಿ ಇತ್ತು. ಕೆಮ್ಮಿನ ಔಷಧಿಯ ಬಾಟಲಿಗಿಂತ ಚಿಕ್ಕದು. ಒಳಗಿದ್ದದ್ದು ಸೆರಾಮಿಕ್ ಕೋಟಿಂಗ್. ಕಾರಿನ ಬಣ್ಣದ ಮೇಲೆ ಹಚ್ಚಿ ಒರೆಸಿದರೆ ಗಾಳಿಯ ತೇವವನ್ನು ಹೀರಿ ಗಟ್ಟಿಯಾಗಿ, ಗಾಜಿನಂಥ ಪದರವಾಗಿ, ವರ್ಷಗಟ್ಟಲೆ ಕಾಯುತ್ತದೆಂದು ಹೇಳುವ ದ್ರವ. ಬೆಂಗಳೂರಿನಲ್ಲಿ ನಮ್ಮ ಬೀದಿಯ ತುದಿಯ ಅಂಗಡಿಯವರು ಈ ಕೆಲಸಕ್ಕೆ 28 ಸಾವಿರ ರೂಪಾಯಿ ಕೇಳಿದ್ದರು. ನನ್ನದು ಒಂಬತ್ತು ವರ್ಷದ ಹಳೆಯ, ಮತ್ತೊಬ್ಬರು ಓಡಿಸಿ ಬಿಟ್ಟ ಕಡುನೀಲಿ ಕಾರು. ಅದಕ್ಕೆ ಅಷ್ಟು ಸುರಿಯಲು ಮನಸ್ಸಾಗದೆ, ಊರಿನ ಮನೆಯ ಅಂಗಳದಲ್ಲಿ ನಾನೇ ಮಾಡಿಕೊಂಡರಾಯಿತು ಎಂದುಕೊಂಡೆ.

ಇನ್ನೊಂದು ಕಾರಣವೂ ಇತ್ತು, ನನ್ನ ಸೋದರಮಾವ. ಅವರು 36 ವರ್ಷ ಕಾರುಗಳಿಗೆ ಬಣ್ಣ ಹೊಡೆದವರು. ಟಿಂಕರಿಂಗ್ ಶೆಡ್ಡಿನ ಹಿಂದೆ ತಗಡಿನ ಮಾಡಿನ ಕೆಳಗೆ, ಸ್ಪ್ರೇ ಗನ್ ಹಿಡಿದು, ಮೂಗಿಗೆ ಒಂದು ಕರವಸ್ತ್ರ ಕಟ್ಟಿಕೊಂಡು. ಈಗ ನಾಲ್ಕು ವರ್ಷದಿಂದ ಕೆಲಸ ಬಿಟ್ಟಿದ್ದಾರೆ. ಬಿಟ್ಟಿದ್ದಾರೆ ಅನ್ನುವುದಕ್ಕಿಂತ ಉಸಿರು ಬಿಡಿಸಿತು ಅನ್ನುವುದು ಸರಿ. ಇನ್ಹೇಲರ್ ಅಂಗಿಯ ಜೇಬಿನಲ್ಲೇ ಇರುತ್ತದೆ. ಮನೆಯಲ್ಲಿ ಸುಮ್ಮನೆ ಕೂತ ಆ ಮನುಷ್ಯನಿಗೆ ಒಂದು ಕಾರು ತೋರಿಸಿದರೆ ಎರಡು ದಿನ ಮಾತಾಡುತ್ತಾರೆ ಎಂಬುದು ನನ್ನ ಲೆಕ್ಕಾಚಾರ.

ಬಾಟಲಿಯನ್ನು ಕೈಯಲ್ಲಿ ಹಿಡಿದು ತಿರುಗಿಸಿ ನೋಡಿದರು. "ಇದೇನಪ್ಪಾ, ಅತ್ತರಾ?"

"ಅಲ್ಲ ಮಾವ, ಪೇಂಟ್ ಮೇಲೆ ಹಚ್ಚೋದು. ಒಣಗಿದ ಮೇಲೆ ಗಾಜಿನ ಥರ ಆಗುತ್ತೆ."

"ಎಷ್ಟು ದಪ್ಪ ಕೂರುತ್ತೆ?"

"ಒಂದು ಮೈಕ್ರಾನ್. ಹೆಚ್ಚಂದ್ರೆ ಎರಡು."

ಮಾವ ನಕ್ಕರು, ನಗು ಕೆಮ್ಮಾಯಿತು. ಕೆಮ್ಮು ನಿಂತ ಮೇಲೆ ಹೇಳಿದರು: "ನಾವು ಉಜ್ಜಿ ನೀರಲ್ಲಿ ಚೆಲ್ಲಿದ್ದೇ ಅದರ ಹತ್ತರಷ್ಟಿರುತ್ತೆ ಕಣೋ."

ಅವರು ಹೇಳಿದ್ದು ಉತ್ಪ್ರೇಕ್ಷೆಯಲ್ಲ. ಕಾರ್ಖಾನೆಯಿಂದ ಬರುವ ಕಾರಿನ ಮೈಮೇಲೆ ತುಕ್ಕು ತಡೆಯುವ ಪದರ, ಪ್ರೈಮರ್, ಬಣ್ಣ, ಅದರ ಮೇಲೆ ಪಾರದರ್ಶಕವಾದ ಕ್ಲಿಯರ್ ಕೋಟ್, ಇವೆಲ್ಲ ಸೇರಿ ಸುಮಾರು 100ರಿಂದ 150 ಮೈಕ್ರಾನ್ ಇರುತ್ತದೆ. ನಮ್ಮ ತಲೆಗೂದಲು ಸುಮಾರು 70 ಮೈಕ್ರಾನ್. ಎರಡು ಕೂದಲು ಒಂದರ ಮೇಲೊಂದು ಇಟ್ಟಷ್ಟು ದಪ್ಪದಲ್ಲಿ ಕಾರಿನ ಇಡೀ ಚೆಲುವು. ಅದನ್ನು ಕಾಯಲು ಅದರ ನೂರನೇ ಒಂದು ಭಾಗದಷ್ಟು ತೆಳುವಾದ ಇನ್ನೊಂದು ಪದರ. ಈ ಪದರ ಇಲ್ಲಿಗೆ ಹೇಗೆ ಬಂತು ಎಂದು ಹುಡುಕಿಕೊಂಡು ಹೋದರೆ ದಾರಿ ನಮ್ಮದೇ ಕಾಡುಗಳಿಂದ ಶುರುವಾಗುತ್ತದೆ.

ಮರದ ಟೊಂಗೆಗಳ ಮೇಲೆ ಬದುಕುವ ಒಂದು ಸಣ್ಣ ಕೀಟ ತನ್ನ ರಕ್ಷಣೆಗೆಂದು ಸ್ರವಿಸುವ ಅಂಟೇ ಅರಗು. ಸಂಸ್ಕೃತದ ಲಾಕ್ಷಾ. ಅಲ್ಲಿಂದ ಹಿಂದಿಯ ಲಾಖ್, ಪೋರ್ಚುಗೀಸರ ನಾಲಿಗೆಯ ಮೇಲೆ ಲಾಕ್ರೆ, ಇಂಗ್ಲಿಷಿನಲ್ಲಿ ಲ್ಯಾಕರ್. ಮಹಾಭಾರತದ ಅರಗಿನ ಮನೆ ಗೊತ್ತಿರುವವರಿಗೆ ಇದರ ಎರಡು ಗುಣಗಳೂ ಗೊತ್ತು. ಕಣ್ಣಿಗೆ ಹೊಳೆಯುತ್ತದೆ, ಬೆಂಕಿ ಕಂಡರೆ ಉರಿಯುತ್ತದೆ. ಚನ್ನಪಟ್ಟಣದಲ್ಲಿ ಇವತ್ತಿಗೂ ತಿರುಗುವ ಹಾಲೆ ಮರದ ತುಂಡಿಗೆ ಬಣ್ಣದ ಅರಗಿನ ಕಡ್ಡಿಯನ್ನು ಒತ್ತಿ ಹಿಡಿಯುತ್ತಾರೆ. ಉಜ್ಜಾಟದ ಬಿಸಿಗೆ ಅರಗು ಕರಗಿ ಮರಕ್ಕೆ ಹತ್ತುತ್ತದೆ. ಆಮೇಲೆ ಒಣಗಿದ ಗರಿಯನ್ನು ಒತ್ತಿ ಮೆರುಗು ಕೊಡುತ್ತಾರೆ. ಯಂತ್ರ ತಿರುಗಬೇಕು, ಉಜ್ಜಬೇಕು, ಬಿಸಿಯಾಗಬೇಕು, ಕೈಯ ಒತ್ತಡ ಹದವಾಗಿರಬೇಕು: ಕಾರಿನ ಪಾಲಿಶ್ ಯಂತ್ರವೂ ಇದಕ್ಕಿಂತ ಹೆಚ್ಚಿನದೇನನ್ನೂ ಮಾಡುವುದಿಲ್ಲ. 1937ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಮೈಸೂರಿನಲ್ಲಿ ಅರಗು ಮತ್ತು ಬಣ್ಣದ ಕಾರ್ಖಾನೆ ಸ್ಥಾಪಿಸಿದ್ದು ರಾಜ್ಯದ ಕಾಡಿನ ಇದೇ ಅರಗನ್ನು ನೆಚ್ಚಿ. ಆ ಕಾರ್ಖಾನೆ ಈಗ ಚುನಾವಣೆಯಲ್ಲಿ ನಮ್ಮ ಬೆರಳಿಗೆ ಹಚ್ಚುವ ಶಾಯಿಗೆ ಪ್ರಸಿದ್ಧ. ಮೇಲ್ಪದರ ಹಚ್ಚುವ ವ್ಯವಹಾರ ಅದಕ್ಕೆ ಮೊದಲಿನಿಂದಲೂ ರೂಢಿ.

ಆದರೆ ಯುರೋಪು, ಅಮೆರಿಕಗಳ ಸಾರೋಟುಗಳಿಗೆ ಬಳಿಯುತ್ತಿದ್ದದ್ದು ಬೇರೆಯೇ ಮೆರುಗೆಣ್ಣೆ. ಅಗಸೆ ಎಣ್ಣೆಯಲ್ಲಿ ಕೋಪಲ್ ಎಂಬ ರಾಳವನ್ನು ಕಾಯಿಸಿ ಕರಗಿಸಿ ಮಾಡಿದ ವಾರ್ನಿಷ್. ಕೋಪಲ್‌ನಲ್ಲಿ ಅತಿ ಗಟ್ಟಿಯಾದದ್ದು ಪೂರ್ವ ಆಫ್ರಿಕಾದ ನೆಲದಡಿಯಲ್ಲಿ ಸಿಗುತ್ತಿತ್ತು. ಮರ ಸತ್ತು ಯಾವುದೋ ಕಾಲವಾಗಿ, ರಾಳ ಮಾತ್ರ ಮಣ್ಣಲ್ಲಿ ಉಳಿದದ್ದು. ಅಲ್ಲಿನ ಜನ ಅದನ್ನು ಕೈಯಲ್ಲಿ ಅಗೆದು ತೆಗೆಯುತ್ತಿದ್ದರು. ಜಂಜಿಬಾರಿನಲ್ಲಿ ಕಛ್‌ನಿಂದ ಹೋಗಿ ನೆಲೆಸಿದ ವ್ಯಾಪಾರಿಗಳ ಕೈದಾಟಿ ಅದು ಹಡಗು ಹತ್ತಿ ಸೇಲಂ ಸೇರುತ್ತಿತ್ತು. ತಮಿಳುನಾಡಿನದಲ್ಲ, ಅಮೆರಿಕದ ಮ್ಯಾಸಚೂಸೆಟ್ಸ್‌ನ ಸೇಲಂ. ಅಲ್ಲಿ ಕ್ಷಾರದ ನೀರಿನಲ್ಲಿ ತೊಳೆದು ಅದರ ಒರಟು ಹೊರಮೈ ಕಳೆಯುತ್ತಿದ್ದರು. ಒಬ್ಬ ಶ್ರೀಮಂತನ ಸಾರೋಟು ಬೀದಿಯಲ್ಲಿ ಹೊಳೆಯಬೇಕಾದರೆ ಇಷ್ಟು ಜನರ ಬೆನ್ನು ಬಾಗಬೇಕಿತ್ತು. ವಾರ್ನಿಷ್ ಬಂದ ಮೇಲೂ ಕೆಲಸ ಮುಗಿಯಲಿಲ್ಲ. ಒಂದು ಪದರ ಬಳಿ, ದಿನಗಟ್ಟಲೆ ಒಣಗಲು ಬಿಡು, ಪ್ಯೂಮಿಸ್ ಕಲ್ಲಿನಿಂದ ನೀರು ಹಾಕಿ ಉಜ್ಜು, ಮತ್ತೆ ಬಳಿ. ಹತ್ತಾರು ಪದರ, ವಾರಗಟ್ಟಲೆ ಕಾಲ.

ನಾನು ಅಂಗಳದಲ್ಲಿ ಮಾಡಿದ ಮೊದಲ ದಿನದ ಕೆಲಸವೂ ಇದಕ್ಕಿಂತ ಬಹಳ ಭಿನ್ನವಾಗಿರಲಿಲ್ಲ. ಕೋಟಿಂಗ್ ಹಚ್ಚಲು ಎರಡು ಗಂಟೆ ಸಾಕು, ಅದಕ್ಕೆ ಮೈ ಸಿದ್ಧ ಮಾಡಲು ಒಂದೂವರೆ ದಿನ ಬೇಕಾಯಿತು. ಮೊದಲು ಶಾಂಪೂ ಹಾಕಿ ತೊಳೆಯುವುದು. ಆಮೇಲೆ ಬ್ರೇಕಿನಿಂದ ಹಾರಿ ಬಣ್ಣದೊಳಗೆ ಕಚ್ಚಿಕೊಂಡ ಕಬ್ಬಿಣದ ಕಣಗಳನ್ನು ಕರಗಿಸುವ ದ್ರವ ಸಿಂಪಡಿಸಬೇಕು. ಕಬ್ಬಿಣ ಸಿಕ್ಕಿದಲ್ಲೆಲ್ಲ ಅದು ನೇರಳೆ ಬಣ್ಣಕ್ಕೆ ತಿರುಗಿ, ನೇರಳೆ ಹಣ್ಣಿನ ರಸದ ಹಾಗೆ ಇಳಿಯುತ್ತದೆ. ವಾಸನೆ ಮಾತ್ರ ಕೊಳೆತ ಮೊಟ್ಟೆಯದು. ಆಮೇಲೆ ಸಾಬೂನು ನೀರು ಹಾಕಿ ಜೇಡಿಯಂಥ ಮುದ್ದೆಯೊಂದನ್ನು ಉಜ್ಜಬೇಕು, ಅಂಗೈಗೆ ಒರಟು ಸಿಗುವುದು ನಿಲ್ಲುವವರೆಗೆ. ಮಾವ ಬೆತ್ತದ ಕುರ್ಚಿಯನ್ನು ಜಗಲಿಯ ತುದಿಗೆ ಎಳೆಸಿಕೊಂಡು ಕೂತು ನೋಡುತ್ತಿದ್ದರು. "ಕೈ ಮೇಲೆ ಪ್ಲಾಸ್ಟಿಕ್ ಕವರ್ ಹಾಕ್ಕೊಂಡು ಸವರಿ ನೋಡು. ಬರಿಗೈಗೆ ಸಿಗದ ಧೂಳು ಅದಕ್ಕೆ ಸಿಗುತ್ತೆ" ಎಂದರು. ನಿಜವೇ. ನುಣುಪಾಯಿತು ಅಂದುಕೊಂಡಿದ್ದ ಬಾನೆಟ್ ಪ್ಲಾಸ್ಟಿಕ್ಕಿನ ಕೆಳಗೆ ರವೆ ಚೆಲ್ಲಿದಂತಿತ್ತು.

ವಾರಗಟ್ಟಲೆ ಒಣಗುವ ವಾರ್ನಿಷ್ ಸಾರೋಟಿಗೆ ಸರಿ, ಕಾರ್ಖಾನೆಗೆ ಸರಿಯಿಲ್ಲ. ಹೆನ್ರಿ ಫೋರ್ಡ್ ತನ್ನ ಹೈಲ್ಯಾಂಡ್ ಪಾರ್ಕ್ ಕಾರ್ಖಾನೆಯಲ್ಲಿ 1913ರಲ್ಲಿ ಚಲಿಸುವ ಜೋಡಣಾ ಸಾಲು ಶುರುಮಾಡಿದ. ಕಾರಿನ ಲೋಹದ ಭಾಗಗಳೆಲ್ಲ ಗಂಟೆಗಳಲ್ಲಿ ಜೋಡಣೆಯಾಗುವಾಗ ಬಣ್ಣ ಮಾತ್ರ ತನ್ನ ಪಾಡಿಗೆ ನಿಧಾನ. 1914ರಿಂದ 1925ರವರೆಗೆ ಮಾಡೆಲ್ ಟಿ ಕಪ್ಪಿನಲ್ಲಿ ಮಾತ್ರ ಬಂತು. ಅದಕ್ಕೆ ಮೊದಲು ಕೆಂಪು, ಹಸಿರು, ಬೂದು, ನೀಲಿಗಳೂ ಇದ್ದವು ಎಂಬುದನ್ನು ಜನ ಮರೆಯುತ್ತಾರೆ. ಕಪ್ಪು ಅಗ್ಗ, ಬಾಳಿಕೆ ಹೆಚ್ಚು. ಡಾಂಬರಿನ ಜಾತಿಯ ಬಿಟುಮೆನ್ ಹಾಕಿ ಮಾಡಿದ ಕಪ್ಪು ಬಣ್ಣದಲ್ಲಿ ಮಡ್‌ಗಾರ್ಡುಗಳನ್ನು ಅದ್ದಿ ಒಲೆಯಲ್ಲಿ ಬೇಯಿಸಬಹುದಿತ್ತು. ಮೈಮೇಲೆ ಮುಚ್ಚುಮಾಡು ಇದ್ದ, ಚೆಂದದ ಬಣ್ಣದ ಕಾರುಗಳಿಗಾದರೆ ಬಣ್ಣದ ಕೆಲಸವೇ ಎರಡರಿಂದ ನಾಲ್ಕು ವಾರ ಹಿಡಿಯುತ್ತಿತ್ತು. ದಿನಕ್ಕೆ ಸಾವಿರ ಕಾರು ಮಾಡುವ ಕಾರ್ಖಾನೆಯಲ್ಲಿ ಮೂರು ವಾರ ಒಣಗಿಸಬೇಕೆಂದರೆ ಇಪ್ಪತ್ತು ಸಾವಿರ ಕಾರುಗಳನ್ನು ಧೂಳು ಬೀಳದ ಸೂರಿನಡಿ ನಿಲ್ಲಿಸಬೇಕು. ಅಷ್ಟು ಜಾಗ ಎಲ್ಲಿಂದ ತರುವುದು?

ಪರಿಹಾರ ಬಂದದ್ದು ಮದ್ದಿನ ಮನೆಯಿಂದ. ಹತ್ತಿಯನ್ನು ನೈಟ್ರಿಕ್ ಆಮ್ಲದಲ್ಲಿ ಸಂಸ್ಕರಿಸಿದರೆ ಸಿಗುವ ನೈಟ್ರೋಸೆಲ್ಯುಲೋಸ್ ಮೂಲತಃ ಸ್ಫೋಟಕ. ಡ್ಯೂಪಾಂಟ್ ಕಂಪನಿ 1802ರಿಂದ ಕೋವಿಮದ್ದು ಮಾಡಿಕೊಂಡು ಬಂದದ್ದು, ಮೊದಲನೆಯ ಮಹಾಯುದ್ಧದಲ್ಲಿ ಅದರ ಕಾರ್ಖಾನೆಗಳು ಬೃಹತ್ತಾಗಿ ಬೆಳೆದಿದ್ದವು. ಯುದ್ಧ ಮುಗಿದ ಮೇಲೆ ಅಷ್ಟು ನೈಟ್ರೋಸೆಲ್ಯುಲೋಸ್ ಇಟ್ಟುಕೊಂಡು ಏನು ಮಾಡುವುದು? 1920ರ ಜುಲೈ 4ರಂದು ಅವರ ಪ್ರಯೋಗಾಲಯವೊಂದರಲ್ಲಿ ಆಕಸ್ಮಿಕವಾಗಿ ಒಂದು ಬದಲಾವಣೆ ಕಣ್ಣಿಗೆ ಬಿತ್ತು. ಜೇನಿನ ಹಾಗೆ ಮಂದವಾಗಿರಬೇಕಿದ್ದ ದ್ರಾವಣ ತೆಳುವಾಗಿತ್ತು. ತೆಳುವಾದರೆ ಅದರಲ್ಲಿ ಹೆಚ್ಚು ಬಣ್ಣದ ಪುಡಿ ಬೆರೆಸಬಹುದು, ಸಿಂಪಡಿಸಬಹುದು, ಸಿಂಪಡಿಸಿದ್ದು ಗಂಟೆಗಳಲ್ಲಿ ಒಣಗುತ್ತದೆ. ಅದಕ್ಕೆ ಡ್ಯೂಕೋ ಎಂದು ಹೆಸರಿಟ್ಟರು. ಜನರಲ್ ಮೋಟಾರ್ಸ್‌ನ ಓಕ್‌ಲ್ಯಾಂಡ್ ಕಾರು 1924ರ ಮಾದರಿಯಲ್ಲಿ ಈ ಬಣ್ಣ ತೊಟ್ಟು ಬಂತು, ನೀಲಿಯಲ್ಲಿ. ಎರಡು ವರ್ಷದಲ್ಲಿ ಫೋರ್ಡ್ ಕೂಡ ಕಪ್ಪನ್ನು ಬಿಟ್ಟು ಬಣ್ಣಕ್ಕೆ ಇಳಿಯಬೇಕಾಯಿತು. ಅರಗಿನ ಒಂದು ಹನಿಯೂ ಇಲ್ಲದ ಈ ದ್ರವಕ್ಕೂ ಲ್ಯಾಕರ್ ಎಂದೇ ಹೆಸರು. ಬೆಂಕಿಯ ಗುಣವನ್ನಂತೂ ಅದು ಹೆಸರಿನ ಜೊತೆಗೇ ಉಳಿಸಿಕೊಂಡಿತು.

"ಡ್ಯೂಕೋ" ಎಂದ ಕೂಡಲೇ ಮಾವನ ಮುಖ ಅರಳಿತು. ನಮ್ಮ ಬಡಗಿಗಳು ಇವತ್ತಿಗೂ ಬೀರುವಿನ ಬಾಗಿಲಿಗೆ "ಡ್ಯೂಕೋ ಹೊಡಿಸ್ತೀರಾ ಸಾರ್?" ಎಂದು ಕೇಳುವುದು ಆ ಕಂಪನಿಯ ನೆನಪಿನಿಂದಲ್ಲ, ಗನ್ನಿನಲ್ಲಿ ಹೊಡೆದು ಉಜ್ಜಿ ಹೊಳೆಸುವ ಕೆಲಸಕ್ಕೆಲ್ಲ ಅದೇ ಹೆಸರಾಗಿಬಿಟ್ಟಿದೆ. ಮಾವ ಕೆಲಸ ಕಲಿತದ್ದು ಅಂಬಾಸಿಡರ್, ಪದ್ಮಿನಿಗಳ ಕಾಲದಲ್ಲಿ. "ಒಂದು ಅಂಬಾಸಿಡರ್‌ಗೆ ಹದಿನೈದು ದಿನ. ಪುಟ್ಟಿ ಹಾಕಿ ಉಜ್ಜೋದು, ಪ್ರೈಮರ್ ಹೊಡೆದು ಉಜ್ಜೋದು, ಬಣ್ಣ ಹೊಡೆದು ಉಜ್ಜೋದು. ಹೊಡೆಯೋದು ಹುಡುಗರಿಗೆ ಬರುತ್ತೆ, ಉಜ್ಜೋದು ಬರಬೇಕಾದ್ರೆ ಹತ್ತು ವರ್ಷ ಬೇಕು." ಆ ಬಣ್ಣಕ್ಕೆ ತನ್ನಷ್ಟಕ್ಕೆ ಹೊಳಪಿರಲಿಲ್ಲ, ಉಜ್ಜಿದಷ್ಟೂ ಬರುತ್ತಿತ್ತು. ಬಿಸಿಲಿಗೆ ಇಟ್ಟರೆ ವರ್ಷದಲ್ಲಿ ಸುಣ್ಣದ ಪುಡಿಯಂತೆ ಮಾಸುತ್ತಿತ್ತು. ಡ್ಯೂಪಾಂಟ್ ಬಣ್ಣದ ಜೊತೆಗೆ ಅದನ್ನು ಉಜ್ಜುವ ಪಾಲಿಶನ್ನೂ ಮಾರಿತು. ರೋಗ ಮತ್ತು ಔಷಧಿ ಎರಡೂ ಒಂದೇ ಅಂಗಡಿಯಲ್ಲಿ ಎಂದರೆ ಕುಹಕವಾದೀತು. ವ್ಯಾಪಾರವಂತೂ ಚೆನ್ನಾಗಿ ನಡೆಯಿತು.

ಹೀಗೆ ಹುಟ್ಟಿದ ಮೇಣದ ಮಾರುಕಟ್ಟೆಯಲ್ಲಿ ರಾಜನೆಂದರೆ ಕಾರ್ನೌಬಾ. ಬ್ರೆಜಿಲಿನ ಈಶಾನ್ಯದ ಒಣಭೂಮಿಯಲ್ಲಿ, ಸೆಅರಾ, ಪಿಯಾವಿ ಪ್ರಾಂತಗಳಲ್ಲಿ ಬೆಳೆಯುವ ಒಂದು ತಾಳೆ ಜಾತಿಯ ಮರ. ಬರಗಾಲದಲ್ಲಿ ಎಲೆಯ ನೀರು ಆರಿಹೋಗದಂತೆ ಅದು ತಾನೇ ಮೇಣದ ಪದರ ಹೊದ್ದುಕೊಳ್ಳುತ್ತದೆ. ಎಲೆ ಕೊಯ್ದು, ಒಣಗಿಸಿ, ಬಡಿದು ಉದುರಿಸಿದ ಪುಡಿಯನ್ನು ಕರಗಿಸಿದರೆ ಮೇಣ. ಅದು ಕರಗಲು 80 ಡಿಗ್ರಿಗೂ ಹೆಚ್ಚು ಶಾಖ ಬೇಕು, ಜೇನುಮೇಣ 65ರ ಆಸುಪಾಸಿನಲ್ಲೇ ಕರಗುತ್ತದೆ. ಬಿಸಿಲಲ್ಲಿ ನಿಂತ ಬಾನೆಟ್ಟಿಗೆ ಈ ವ್ಯತ್ಯಾಸವೇ ಎಲ್ಲ. 1935ರಲ್ಲಿ ಅಮೆರಿಕದ ಮೇಣದ ಕಂಪನಿಯ ಯಜಮಾನ ಎಚ್.ಎಫ್. ಜಾನ್ಸನ್ ಜೂನಿಯರ್, ನೀರಿನ ಮೇಲೂ ಇಳಿಯಬಲ್ಲ ಸಿಕೋರ್ಸ್ಕಿ ವಿಮಾನದಲ್ಲಿ ವಿಸ್ಕಾನ್ಸಿನ್‌ನ ರೇಸೀನ್‌ನಿಂದ ಬ್ರೆಜಿಲಿನ ಫೋರ್ಟಲೇಜಾದವರೆಗೆ ಹಾರಿದ, ಈ ಮರ ಹುಡುಕಿಕೊಂಡು. ಒಂದು ಎಲೆಯ ಬೆವರಿಗಾಗಿ ಖಂಡ ದಾಟಿದ ಪ್ರಯಾಣ. ಮೇಣದ ಹೊಳಪು ಬಲು ಚೆಂದ. ಆದರೆ ನಾಲ್ಕು ಮಳೆಗೆ, ಎರಡು ಬೇಸಿಗೆಯ ತಿಂಗಳಿಗೆ ಹೋಗಿಬಿಡುತ್ತದೆ. ಮತ್ತೆ ಹಚ್ಚು.

ಮಾವನ ಕೊನೆಯ ಹದಿನೈದು ವರ್ಷದ ಬಣ್ಣ ಇವು ಯಾವುದೂ ಅಲ್ಲ. 1980ರ ದಶಕದಿಂದ ಜಗತ್ತಿನ ಕಾರು ಕಾರ್ಖಾನೆಗಳು ಬಣ್ಣದ ಮೇಲೆ ಕ್ಲಿಯರ್ ಕೋಟ್ ಹೊಡೆಯುವ ಕ್ರಮಕ್ಕೆ ಹೊರಳಿದವು. ರಿಪೇರಿ ಶೆಡ್ಡುಗಳಿಗೆ ಅದು "ಟೂ-ಕೆ" ಎಂಬ ಹೆಸರಿನಲ್ಲಿ ಬಂತು. ಎರಡು ಡಬ್ಬಿ, ಒಂದರಲ್ಲಿ ಪೇಂಟು, ಇನ್ನೊಂದರಲ್ಲಿ ಹಾರ್ಡನರ್. ಬೆರೆಸಿದ ಮೇಲೆ ರಾಸಾಯನಿಕ ಕ್ರಿಯೆಯಿಂದಲೇ ಗಟ್ಟಿಯಾಗಿ, ಉಜ್ಜದೆಯೂ ಕನ್ನಡಿಯಂತೆ ಹೊಳೆಯುತ್ತದೆ. ಹದಿನೈದು ದಿನದ ಕೆಲಸ ನಾಲ್ಕು ದಿನಕ್ಕಿಳಿಯಿತು. ಆ ಹಾರ್ಡನರ್‌ನಲ್ಲಿರುವುದು ಐಸೋಸಯನೇಟ್. ಭೋಪಾಲದಲ್ಲಿ 1984ರಲ್ಲಿ ಸೋರಿದ ಅನಿಲವೂ ಇದೇ ಕುಲದ್ದು. ಅದೇ ವಸ್ತುವಲ್ಲ, ಅಷ್ಟು ಆವಿಯಾಗುವುದೂ ಇಲ್ಲ, ಆದರೆ ಕುಲ ಒಂದೇ. ಕೆಲಸದ ಜಾಗದಲ್ಲಿ ಬರುವ ಅಸ್ತಮಾಕ್ಕೆ ಜಗತ್ತಿನಾದ್ಯಂತ ಮುಖ್ಯ ಕಾರಣಗಳಲ್ಲಿ ಇದೂ ಒಂದೆಂದು ವೈದ್ಯರು ಬಹಳ ಹಿಂದೆಯೇ ಗುರುತಿಸಿದ್ದಾರೆ. ಹೊರಗಿನಿಂದ ಶುದ್ಧ ಗಾಳಿ ಒದಗಿಸುವ ಮುಖವಾಡ ತೊಟ್ಟು, ಮುಚ್ಚಿದ ಕೋಣೆಯಲ್ಲಿ ಹೊಡೆಯಬೇಕಾದ ಬಣ್ಣ ಅದು. ಮಾವನಿಗಿದ್ದದ್ದು ಕರವಸ್ತ್ರ. ಶ್ವಾಸಕೋಶಕ್ಕೆ ಒಮ್ಮೆ ಅದರ ಅಲರ್ಜಿ ಹತ್ತಿದರೆ ಆಮೇಲೆ ಚೂರೇ ಚೂರು ಸೋಕಿದರೂ ಉಸಿರು ಕಟ್ಟುತ್ತದೆ. ಶೆಡ್ಡಿನ ಯಜಮಾನ ಕೆಟ್ಟವನಲ್ಲ. ಆತನಿಗೂ ಆ ಡಬ್ಬಿಯ ಮೇಲಿನ ಸಣ್ಣಕ್ಷರ ಓದಲು ಬರುತ್ತಿರಲಿಲ್ಲ.

ಎರಡನೆಯ ದಿನ ಬೆಳಗ್ಗೆ ಪಾಲಿಶ್ ಯಂತ್ರ ಹಿಡಿದು ಗೆರೆಗಳನ್ನು ತೆಗೆಯುತ್ತಿದ್ದೆ. ಕಡುನೀಲಿಯ ಮೇಲೆ ಬಟ್ಟೆಯ ಗೆರೆಗಳು ಜೇಡರ ಬಲೆಯಂತೆ ಕಾಣುತ್ತವೆ. ಮಾವ ಒಳಗಿನಿಂದ ಒಂದು ಟ್ಯೂಬ್‌ಲೈಟ್ ಪಟ್ಟಿ ತಂದರು, ಉದ್ದ ವೈರ್ ಸಮೇತ. ಅವರ ಶೆಡ್ಡಿನದ್ದು. ಅದನ್ನು ಓರೆಯಾಗಿ ಹಿಡಿದರೆ ಬಣ್ಣದ ಮೇಲೆ ಬಿದ್ದ ಬೆಳಕಿನ ಗೆರೆ ನೆಟ್ಟಗಿದೆಯೋ ಅಲುಗುತ್ತಿದೆಯೋ ಎಂಬುದೇ ಪರೀಕ್ಷೆ. ನನ್ನ ಪಾಲಿಶ್ ಎರಡು ಕಡೆ ಫೇಲಾಯಿತು.

ಬಾಟಲಿಯ ಡಬ್ಬಿಯ ಮೇಲೆ ದೊಡ್ಡದಾಗಿ 9ಎಚ್ ಎಂದಿತ್ತು. "ಅಂದ್ರೆ ವಜ್ರದಷ್ಟು ಗಟ್ಟಿನಾ?" ಎಂದು ನನ್ನ ಹೆಂಡತಿ ಕೇಳಿದಳು. ಅವಳ ತಪ್ಪಲ್ಲ. ವಜ್ರಕ್ಕೆ 10 ಅಂಕ ಕೊಡುವ ಖನಿಜಗಳ ಗಟ್ಟಿತನದ ಪಟ್ಟಿ ಶಾಲೆಯಲ್ಲಿ ಓದಿದವರಿಗೆಲ್ಲ ಹಾಗೇ ಅನ್ನಿಸುತ್ತದೆ, ಅನ್ನಿಸಲಿ ಎಂದೇ ಅದನ್ನು ಅಷ್ಟು ದೊಡ್ಡದಾಗಿ ಅಚ್ಚು ಹಾಕುತ್ತಾರೆ. 9ಎಚ್ ಎಂಬುದು ಪೆನ್ಸಿಲ್. ಚಿತ್ರ ಬರೆಯುವ ಪೆನ್ಸಿಲ್‌ಗಳಲ್ಲಿ ಎಚ್‌ಬಿ, 2ಎಚ್ ಎಂದಿರುತ್ತದಲ್ಲ, ಆ ಸಾಲಿನ ಅತಿ ಗಟ್ಟಿ ಪೆನ್ಸಿಲ್ಲನ್ನು 45 ಡಿಗ್ರಿ ಓರೆಯಲ್ಲಿ, 750 ಗ್ರಾಂ ಭಾರದಲ್ಲಿ ತಳ್ಳಿದರೂ ಗೀರು ಬೀಳಲಿಲ್ಲ ಎಂದರ್ಥ. ಮರಳಿನ ಕಣದ ಮುಂದೆ ಪೆನ್ಸಿಲ್ ಯಾವ ಲೆಕ್ಕ? ಧೂಳು ಕೂತ ಕಾರನ್ನು ಒಣಬಟ್ಟೆಯಲ್ಲಿ ಒರೆಸಿದರೆ ಸೆರಾಮಿಕ್ ಇದ್ದರೂ ಗೆರೆ ಬೀಳುತ್ತದೆ.

ಹಾಗಾದರೆ ಆ ಬಾಟಲಿಯೊಳಗೆ ಇರುವುದಾದರೂ ಏನು? ಎಲ್ಲ ಕಂಪನಿಯದ್ದೂ ಒಂದೇ ಅಲ್ಲ, ಆದರೆ ಎಲ್ಲದರ ಬೇರು ಸಿಲಿಕಾನ್. ತುಂಗೆಯ ಮರಳಿನಲ್ಲಿ ಆಮ್ಲಜನಕದ ಜೊತೆ ಕಟ್ಟಿಕೊಂಡು ಕೂತಿರುವ ಅದೇ ಧಾತು. ಅದನ್ನು ಇಂಗಾಲದ ಸಂಯುಕ್ತಗಳ ಜೊತೆ ಸೇರಿಸುವ ವಿದ್ಯೆಯನ್ನು 1899ರಿಂದ ನಾಲ್ಕು ದಶಕ ಕಾಲ ಹಿಡಿದು ಕೂತವನು ನಾಟಿಂಗ್‌ಹ್ಯಾಮ್‌ನ ಫ್ರೆಡರಿಕ್ ಕಿಪ್ಪಿಂಗ್. ಸಿಲಿಕೋನ್ ಎಂಬ ಪದವೇ ಅವನದು. ಅವನಿಗೆ ಬೇಕಿದ್ದದ್ದು ಅಚ್ಚುಕಟ್ಟಾದ ಹರಳುಗಳು. ಪಾತ್ರೆಯ ತಳದಲ್ಲಿ ಮತ್ತೆ ಮತ್ತೆ ಉಳಿಯುತ್ತಿದ್ದದ್ದು ಅಂಟಂಟಾದ ಎಣ್ಣೆ, ಗೋಂದು. 1936ರಲ್ಲಿ ರಾಯಲ್ ಸೊಸೈಟಿಯಲ್ಲಿ ಕೊಟ್ಟ ಉಪನ್ಯಾಸದಲ್ಲಿ ಈ ಕ್ಷೇತ್ರದಲ್ಲಿ ಹೆಚ್ಚಿನ ಪ್ರಗತಿಯ ಭರವಸೆ ತನಗಿಲ್ಲವೆಂದು ಬೇಸರದಿಂದ ಹೇಳಿಕೊಂಡ. ನಾಲ್ಕೇ ವರ್ಷಗಳಲ್ಲಿ ಅಮೆರಿಕದ ಜನರಲ್ ಎಲೆಕ್ಟ್ರಿಕ್‌ನಲ್ಲಿ ಯೂಜೀನ್ ರೋಕೋ ಸಿಲಿಕೋನ್‌ನ ಕಚ್ಚಾವಸ್ತುಗಳನ್ನು ಅಗ್ಗವಾಗಿ ಮಾಡುವ ದಾರಿ ಕಂಡುಹಿಡಿದ. ಅದೇ ಸಂಸ್ಥೆಯ ವಿಂಟನ್ ಪ್ಯಾಟ್ನೋಡ್, ಇವುಗಳ ಆವಿ ಸೋಕಿದ ಕಾಗದ, ಬಟ್ಟೆ, ಗಾಜಿನ ಮೇಲೆ ನೀರು ನಿಲ್ಲದೆ ಜಾರುವುದನ್ನು ಗಮನಿಸಿದ. ಕಿಪ್ಪಿಂಗ್ ಕೊಳೆಯೆಂದು ಬೇಸತ್ತ ಅಂಟೇ ಎರಡನೆಯ ಯುದ್ಧದಲ್ಲಿ ವಿಮಾನಗಳಿಗೆ, ಯುದ್ಧದ ನಂತರ ಕಾರಿನ ಪಾಲಿಶ್ ಡಬ್ಬಿಗೆ ಬಂತು.

ಮಾವನಿಗೆ ಈ ಕಥೆ ಹೇಳಿದಾಗ ಅವರು "ಸಿಲಿಕಾನ್" ಎಂಬ ಪದ ಕೇಳಿಯೇ ಮುಖ ಸಿಂಡರಿಸಿದರು. ಬಣ್ಣ ಹೊಡೆಯುವವರಿಗೆ ಇದು ಜನ್ಮಶತ್ರು. ಸಿಲಿಕೋನ್ ಪಾಲಿಶ್ ಹಚ್ಚಿದ ಕಾರಿಗೆ ಹೊಸ ಬಣ್ಣ ಹೊಡೆದರೆ ಮೀನಿನ ಕಣ್ಣಿನಂತೆ ಗುಂಡನೆ ಗುಳಿಗಳು ಬಿಟ್ಟುಕೊಳ್ಳುತ್ತವೆ. ಇಡೀ ಬಾನೆಟ್ ಮತ್ತೆ ಉಜ್ಜಬೇಕು. "ಗಾಡಿ ಬಂದ ತಕ್ಷಣ ಒಂದು ಚೊಂಬು ನೀರು ಚೆಲ್ಲಿ ನೋಡ್ತಿದ್ದೆ. ನೀರು ಕೆಸುವಿನ ಎಲೆ ಮೇಲೆ ನಿಂತಂಗೆ ನಿಂತ್ರೆ ಮುನ್ನೂರು ರೂಪಾಯಿ ಜಾಸ್ತಿ." ನಾನು ಸಾವಿರಾರು ರೂಪಾಯಿ ಕೊಟ್ಟು ತರಿಸಿಕೊಂಡದ್ದು ನೀರು ಹಾಗೆ ನಿಲ್ಲಲೆಂದೇ.

ಇನ್ನೊಂದು ಬೇರು ಜರ್ಮನಿಯದು. ನನ್ನ ಬಾಟಲಿಯ ವಿವರಣೆಯಲ್ಲಿ ಪಾಲಿಸಿಲಾಜೇನ್ ಎಂಬ ಪದವಿತ್ತು. ಸಿಲಿಕಾನ್ ಮತ್ತು ಸಾರಜನಕ ಸರಪಳಿಯಾಗಿ ಹೆಣೆದ ವಸ್ತು. ಗಾಳಿಯ ತೇವ ತಾಗಿದರೆ ಸಾರಜನಕ ಅಮೋನಿಯಾ ಆಗಿ ಹೊರಟು, ಅದರ ಜಾಗದಲ್ಲಿ ಆಮ್ಲಜನಕ ಕೂತು ಗಾಜಿನ ಜಾತಿಯದಾಗುತ್ತದೆ. ಒಲೆಯಿಲ್ಲದೆ ಪಿಂಗಾಣಿ ಮಾಡುವ ಈ ಮೋಡಿಯಿಂದಲೇ "ಸೆರಾಮಿಕ್" ಎಂಬ ಹೆಸರು. ಈ ಜಾತಿಯ ವಸ್ತುವನ್ನು ಮೊದಲು ವರದಿ ಮಾಡಿದವರು ಆಲ್ಫ್ರೆಡ್ ಸ್ಟಾಕ್ ಮತ್ತು ಅವನ ಸಹೋದ್ಯೋಗಿ ಸೊಮೀಸ್ಕಿ, 1921ರಲ್ಲಿ. ಸ್ಟಾಕ್ ಕೆಲಸ ಮಾಡುತ್ತಿದ್ದ ಅನಿಲಗಳು ಗಾಳಿ ಸೋಕಿದರೆ ಹೊತ್ತಿಕೊಳ್ಳುವಂಥವು. ಹಾಗಾಗಿ ಗಾಜಿನ ಕೊಳವೆಗಳನ್ನು ನಿರ್ವಾತ ಮಾಡಿ, ಪಾದರಸದ ಕವಾಟಗಳನ್ನಿಟ್ಟು ವರ್ಷಗಟ್ಟಲೆ ದುಡಿದ. ಪಾದರಸದ ಆವಿ ಕೋಣೆಯಲ್ಲೇ ಇತ್ತು. ತಲೆನೋವು, ಕಿವಿಯ ತೊಂದರೆ, ಎಲ್ಲಕ್ಕಿಂತ ಹೆಚ್ಚಾಗಿ ಮರೆವು. ಎಷ್ಟೋ ವರ್ಷ ಅವನಿಗೆ ಕಾರಣವೇ ಗೊತ್ತಾಗಲಿಲ್ಲ. 1924ರಲ್ಲಿ ಗೊತ್ತಾಯಿತು. 1926ರಲ್ಲಿ ತನ್ನ ಕಾಯಿಲೆಯ ವಿವರವನ್ನೆಲ್ಲ ಬರೆದು ಪ್ರಕಟಿಸಿ, ಪ್ರಯೋಗಾಲಯದವರೇ ಎಚ್ಚರ ಎಂದ.

ಸ್ಟಾಕ್‌ನ ವಿಷಯ ಹೇಳಿದಾಗ ಮಾವ ಸ್ವಲ್ಪ ಹೊತ್ತು ಸುಮ್ಮನಿದ್ದರು. "ಆ ಮನುಷ್ಯನಿಗೆ ಕೊನೆಗಾದ್ರೂ ಬರೆಯೋಕೆ ಬಂತಲ್ಲ" ಎಂದರು. ಆಮೇಲೆ ಬಾಟಲಿಯತ್ತ ಕೈ ತೋರಿಸಿ, "ಅದರ ಮುಚ್ಚಳ ತೆಗೆಯೋ ಮೊದಲು ಹೇಳು, ನಾನು ಒಳಗೆ ಹೋಗ್ತೀನಿ" ಎಂದರು.

ಬಿಸಿಲು ಇಳಿದ ಮೇಲೆ ಹಚ್ಚು ಎಂದೂ ಹೇಳಿದ್ದರು. ನಾನು ಕೇಳಲಿಲ್ಲ. ಊಟ ಮುಗಿಸಿ ಎರಡೂವರೆಗೇ ಕೈಗವಸು ಹಾಕಿ ಶುರುಮಾಡಿದೆ. ಸ್ಪಂಜಿನ ತುಂಡಿಗೆ ಮೆತ್ತನೆಯ ಬಟ್ಟೆ ಸುತ್ತಿ, ಅದರ ಮೇಲೆ ಎಂಟು ಹತ್ತು ಹನಿ. ಒಂದು ಸಲಕ್ಕೆ ಎರಡು ಅಡಿ ಚೌಕ, ಮೊದಲು ಅಡ್ಡ, ಆಮೇಲೆ ಉದ್ದ. ಅರ್ಧ ನಿಮಿಷ, ಒಂದು ನಿಮಿಷ ಕಳೆದರೆ ಪದರದ ಮೇಲೆ ಕಾಮನಬಿಲ್ಲಿನ ಬಣ್ಣ ಮೂಡುತ್ತದೆ. ದ್ರಾವಕ ಹಾರುತ್ತಿದೆ ಎಂದರ್ಥ. ಆಗ ಒಂದು ಬಟ್ಟೆಯಲ್ಲಿ ಒರೆಸಿ, ಇನ್ನೊಂದರಲ್ಲಿ ಮತ್ತೆ ಒರೆಸಬೇಕು. ನೆರಳಿನಲ್ಲಿದ್ದ ಬಲಭಾಗ ಹೇಳಿದ ಮಾತು ಕೇಳಿತು. ಎಡಗಡೆಯ ಹಿಂದಿನ ಬಾಗಿಲಿನ ಮೇಲೆ ತೆಂಗಿನ ಗರಿಯ ಸಂದಿನಿಂದ ಬಿಸಿಲು ಬಿದ್ದಿತ್ತು. ಅಲ್ಲಿ ಕಾಮನಬಿಲ್ಲು ಯಾವಾಗ ಬಂತು, ಯಾವಾಗ ಹೋಯಿತು ನನಗೆ ಕಾಣಲಿಲ್ಲ.

ಮಾರನೆಯ ಬೆಳಗ್ಗೆ ಮಾವನ ಟ್ಯೂಬ್‌ಲೈಟಿಗೆ ಕಂಡಿತು. ಬಾಗಿಲಿನ ನಡುವೆ ಅಂಗೈ ಅಗಲದ ಮಸುಕು, ಎಣ್ಣೆ ಕೈ ಒರೆಸಿದ ಹಾಗೆ. ಬಟ್ಟೆಗೆ ಜಗ್ಗಲಿಲ್ಲ, ಸ್ಪಿರಿಟ್ಟಿಗೂ ಜಗ್ಗಲಿಲ್ಲ. ಗಟ್ಟಿಯಾಗುವುದೇ ಅದರ ಧರ್ಮ. ಯಂತ್ರ ತೆಗೆದುಕೊಳ್ಳಲು ಹೋದೆ. "ಯಂತ್ರ ಬೇಡ, ಅಂಚಲ್ಲಿ ಸುಟ್ಟುಬಿಡ್ತೀಯ. ಎರಡು ಸಾವಿರ ನಂಬರ್ ಪೇಪರ್ ತಾ" ಎಂದರು.

"ಮಾವ, ನಿಮಗೆ ಧೂಳು ಆಗಲ್ಲ..."

"ನೀರಿನ ಕೆಲಸದಲ್ಲಿ ಧೂಳೆಲ್ಲಿಂದ ಬಂತು? ತಾ."

ಬಕೆಟ್ಟಿನ ನೀರಿಗೆ ಚೂರು ಸಾಬೂನು ಕಲಸಿ ಪೇಪರನ್ನು ಹತ್ತು ನಿಮಿಷ ನೆನೆಹಾಕಿದರು. ಒಂದು ರಬ್ಬರ್ ತುಂಡಿಗೆ ಸುತ್ತಿದರು. ನಾಲ್ಕು ವರ್ಷದ ನಂತರ ಕಾರಿನ ಪಕ್ಕ ಮೊಣಕಾಲೂರಿ ಕೂತರು. ಎಡಗೈಯಲ್ಲಿ ನೀರು ಬಿಡುತ್ತಾ ಬಲಗೈ ಹಿಂದೆ ಮುಂದೆ, ಒತ್ತಡವೇ ಇಲ್ಲದಂತೆ. ಅವರು ನೋಡುತ್ತಿದ್ದದ್ದು ಬಾಗಿಲನ್ನಲ್ಲ, ಗೇಟಿನ ಕಡೆಗೆ. ಕಿವಿಗೊಟ್ಟು ಕೇಳುತ್ತಿದ್ದರು. ಪೇಪರ್ ಗಟ್ಟಿ ಪದರದ ಮೇಲಿರುವಾಗ ಒಂದು ಶಬ್ದ, ಬಣ್ಣಕ್ಕೆ ಇಳಿದಾಗ ಇನ್ನೊಂದಂತೆ. ನನ್ನ ಕಿವಿಗೆ ಎರಡೂ ಒಂದೇ. ಒಂದು ಕಡೆ ಶಬ್ದ ಬದಲಾಯಿತೇನೋ, ನಿಲ್ಲಿಸಿದರು. ಉಸಿರಿಗೆ ಸ್ವಲ್ಪ ಹೊತ್ತು ಬೇಕಾಯಿತು. ಆಮೇಲೆ ರಬ್ಬಿಂಗ್ ಕಾಂಪೌಂಡ್ ಹಾಕಿ ಬನಿಯನ್ ಬಟ್ಟೆಯಲ್ಲಿ ಕೈಯಿಂದಲೇ ತಿಕ್ಕಿದರು. ಟ್ಯೂಬ್‌ಲೈಟಿನ ಗೆರೆ ಆ ಬಾಗಿಲಿನ ಮೇಲೆ ದಾರ ಹಿಡಿದಂತೆ ನೆಟ್ಟಗೆ ಬಿತ್ತು. ಇಡೀ ಕಾರಿನಲ್ಲಿ ಅಷ್ಟು ನೆಟ್ಟಗೆ ಬಿದ್ದದ್ದು ಅಲ್ಲೇ.

ಮತ್ತೆ ಕೋಟಿಂಗ್ ಹಚ್ಚೋಣವೆಂದು ಬಾಟಲಿ ತೆಗೆದರೆ ಉಳಿದ ನಾಲ್ಕು ಹನಿ ಕಲ್ಲಾಗಿತ್ತು. ಹಿಂದಿನ ದಿನ ಮುಚ್ಚಳ ಸರಿಯಾಗಿ ಬಿಗಿದಿರಲಿಲ್ಲ.

ನಾಲ್ಕನೆಯ ದಿನ ಸಂಜೆ ಹಿಂಗಾರಿನ ಮಳೆ ಬಂತು. ಮಾವ ಕುರ್ಚಿಯನ್ನು ಜಗಲಿಯ ಒಳಕ್ಕೆ ಎಳೆದುಕೊಂಡರು. ಬಾನೆಟ್ ಮೇಲೆ, ಮುಂದಿನ ಬಾಗಿಲುಗಳ ಮೇಲೆ ಹನಿಗಳು ಗುಂಡಗೆ ನಿಂತು, ಒಂದಕ್ಕೊಂದು ಸೇರಿ, ದಡದಡನೆ ಓಡುತ್ತಿದ್ದವು. ಎಡಗಡೆಯ ಹಿಂದಿನ ಬಾಗಿಲಿನ ಮೇಲೆ ಮಾತ್ರ ನೀರು ಹಾಳೆಯಂತೆ ಹರಡಿ ನಿಧಾನವಾಗಿ ಇಳಿಯುತ್ತಿತ್ತು. "ನಿನ್ನ ಗಾಡೀಲಿ ಬಣ್ಣ ಹಿಡಿಯೋ ಬಾಗಿಲು ಅದೊಂದೇ ಈಗ" ಎಂದು ಮಾವ ನಕ್ಕರು. ಈ ಸಲ ಕೆಮ್ಮು ಬರಲಿಲ್ಲ. ಹೊಸ ಬಾಟಲಿ ತರಿಸಿದ್ದೇನೆ, ಬೆಂಗಳೂರಿನ ಮನೆಯ ಕಪಾಟಿನಲ್ಲಿದೆ. ಆ ಬಾಗಿಲಿಗೆ ಇನ್ನೂ ಹಚ್ಚಿಲ್ಲ.